ಬರಹದ ಮೂಲಪ್ರತಿ ಯಾರ ಹತ್ತಿರ ಇದೆ?

(ಮೈಸೂರಿನಲ್ಲಿ ಆನ್‌ಲೈನ್ ಬರಹಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆನ್‌ಲೈನಿನಲ್ಲಿ ಕಥೆ, ಧಾರಾವಾಹಿ, ಅಂಕಣ ಬರೆಯುವವರು ನಾಲ್ಕು ಜನ ಸೇರಿದರೆ ಈಗ ಮೊದಲು ಬರುವ ಮಾತು ಒಂದೇ: "ನಾವು ಬರೀತಿರೋ ಆ್ಯಪ್ ಮುಚ್ಚುತ್ತಂತೆ, ನಿಜವಾ?" ಗೌರವಧನ ಒಂದು ತಿಂಗಳು ತಡವಾದರೂ ಅದೇ ಮಾತು, ಕಂಪನಿ ಕೈಬದಲಾಯಿತೆಂಬ ಸುದ್ದಿ ಬಂದರೂ ಅದೇ ಮಾತು. ಯಾವ ಕಂಪನಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಹೊರಗೆ ನಿಂತವರು ಹೇಳಲಾಗದು. ವೇದಿಕೆ ನಾಳೆ ಬೆಳಿಗ್ಗೆ ತೆರೆಯದೇ ಹೋದರೆ ನಿಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಅನ್ನುವುದನ್ನು ಮಾತ್ರ ಇವತ್ತು ನೋಡೋಣ. ಅದಕ್ಕೆ ಮಾಡಬೇಕಾದ ಕೆಲಸ ಎಷ್ಟು, ಎಲ್ಲೆಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದು ಖಚಿತವಾಗಿ ಗೊತ್ತಿದೆ.

ಮೈಸೂರಿನಲ್ಲಿ ಕೂತು ಈ ವಿಷಯ ಮಾತಾಡುವಾಗ ಪ್ರಾಚ್ಯವಿದ್ಯಾ ಸಂಶೋಧನಾಲಯ ನೆನಪಾಗಲೇಬೇಕು. 1891ರಲ್ಲಿ ಶುರುವಾದ ಸಂಸ್ಥೆ ಅದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಅಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಯಿತು. ಆ ಗ್ರಂಥ ಅಷ್ಟು ಶತಮಾನ ಉಳಿದದ್ದು ಓಲೆಗರಿ ಗಟ್ಟಿ ಅಂತಲ್ಲ. ಹುಳು ಹಿಡಿಯುವ ಮೊದಲು, ಮುರಿಯುವ ಮೊದಲು, ಯಾರೋ ಒಬ್ಬರು ಕೂತು ಇನ್ನೊಂದು ಪ್ರತಿ ಮಾಡುತ್ತಾ ಬಂದರು. ಹಾಗೆ ಪ್ರತಿ ಮಾಡಿದವನು ಕೊನೆಯಲ್ಲಿ ಪುಷ್ಪಿಕೆ ಬರೆಯುತ್ತಿದ್ದ: ಯಾವ ಗ್ರಂಥ, ಯಾರು ಬರೆದದ್ದು, ಯಾವ ಸಂವತ್ಸರ, ಯಾವ ಊರು, ಯಾರಿಗಾಗಿ. ಪ್ರತಿ ಮತ್ತು ಪುಷ್ಪಿಕೆ, ಇವತ್ತಿನ ಮಾತೆಲ್ಲ ಈ ಎರಡರ ಸುತ್ತಲೇ ಇದೆ.

ಮುಚ್ಚಿದ ವೇದಿಕೆಗಳನ್ನು ಒಮ್ಮೆ ನೋಡಿ. ಜನ ತಮ್ಮದೇ ಪುಟ ಮಾಡಿಕೊಳ್ಳುತ್ತಿದ್ದ ಜಿಯೊಸಿಟೀಸ್ 2009ರ ಅಕ್ಟೋಬರ್ 26ರಂದು ಮುಚ್ಚಿತು. ನಮ್ಮಲ್ಲಿ ಅನೇಕರು ಮೊದಲು ಕನ್ನಡದಲ್ಲಿ ಹರಟಿದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಹೋಯಿತು. ಸೂಚನೆಗೂ ಬಾಗಿಲು ಹಾಕಿದ್ದಕ್ಕೂ ನಡುವೆ ಮೂರು ತಿಂಗಳು. ಪೋಸ್ಟರಸ್ ಎಂಬ ಬ್ಲಾಗ್ ತಾಣವನ್ನು 2012ರಲ್ಲಿ ಟ್ವಿಟರ್ ಕೊಂಡುಕೊಂಡಿತು, 2013ರ ಏಪ್ರಿಲ್ 30ಕ್ಕೆ ಅದು ಇಲ್ಲ. ಧಾರಾವಾಹಿ ಕಥೆಗಳಿಗೆಂದೇ ಅಮೆಜಾನ್ 2021ರಲ್ಲಿ ತೆರೆದ ಕಿಂಡಲ್ ವೆಲ್ಲಾ 2025ರ ಫೆಬ್ರವರಿಯಲ್ಲಿ ನಿಂತಿತು. 2003ರಿಂದ ನಡೆಯುತ್ತಿದ್ದ ಬ್ಲಾಗ್ ತಾಣ ಟೈಪ್‌ಪ್ಯಾಡ್ 2025ರ ಆಗಸ್ಟ್ ಕೊನೆಯಲ್ಲಿ ಸೂಚನೆ ಕೊಟ್ಟು ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಇಪ್ಪತ್ತೆರಡು ವರ್ಷದ ಬರಹ ಹೊರಗೆ ತೆಗೆಯಲು ಸಿಕ್ಕದ್ದು ಒಂದು ತಿಂಗಳ ಚಿಲ್ಲರೆ ದಿನ.

ಮುಚ್ಚದೆಯೂ ಬರಹ ಹೋಗುತ್ತದೆ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ ಸರ್ವರ್ ಬದಲಿಸುವಾಗ 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳನ್ನು ಕಳೆದುಕೊಂಡಿತು. ಅದು ಎಲ್ಲರಿಗೂ ಗೊತ್ತಾದದ್ದು 2019ರಲ್ಲಿ. ವೇದಿಕೆಯ ಬಾಗಿಲು ತೆರೆದೇ ಇತ್ತು, ಒಳಗೆ ಸಾಮಾನು ಇರಲಿಲ್ಲ. ಹಾಗಾಗಿ "ನಮ್ಮ ಆ್ಯಪ್ ದೊಡ್ಡದು, ಮುಚ್ಚಲ್ಲ ಬಿಡಿ" ಅನ್ನುವ ಸಮಾಧಾನ ಅರ್ಧ ಸಮಾಧಾನ ಮಾತ್ರ.

ಸೂಚನೆ ಬರುವ ಮುಂಚೆಯೇ ಕಾಣುವ ಲಕ್ಷಣಗಳಿವೆ. ಗೌರವಧನದ ದಿನಾಂಕ ಜಾರುತ್ತದೆ. ಸಹಾಯ ವಿಭಾಗಕ್ಕೆ ಬರೆದರೆ ಯಂತ್ರದ ಉತ್ತರ ಬರುತ್ತದೆ, ಮನುಷ್ಯರ ಉತ್ತರ ಬರುವುದಿಲ್ಲ. ಆ್ಯಪ್‌ಗೆ ಆರೇಳು ತಿಂಗಳಿಂದ ಹೊಸ ಅಪ್‌ಡೇಟ್ ಇಲ್ಲ. ಜಾಲತಾಣ ತೆರೆದರೆ "ಸುರಕ್ಷಿತವಲ್ಲ" ಎಂದು ಬ್ರೌಸರ್ ಎಚ್ಚರಿಸುತ್ತದೆ. ಅಂದರೆ ಜಾಲತಾಣದ ಸುರಕ್ಷತಾ ಪ್ರಮಾಣಪತ್ರ ನವೀಕರಿಸುವಷ್ಟೂ ಯಾರೂ ನೋಡುತ್ತಿಲ್ಲ. "ನಮ್ಮ ನಿಯಮಗಳು ಬದಲಾಗಿವೆ" ಎಂಬ ಇಮೇಲ್ ಬರುತ್ತದೆ, ನಾವು ಓದದೆ ಒಪ್ಪುತ್ತೇವೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಗಾಬರಿ ಬೇಡ, ಆದರೆ ಪ್ರತಿ ತೆಗೆಯುವ ಕೆಲಸವನ್ನು ಅದೇ ವಾರ ಮುಗಿಸಿ. ಸೂಚನೆ ಬಂದ ಮೇಲೆ ಎಲ್ಲರೂ ಒಮ್ಮೆಗೇ ಡೌನ್‌ಲೋಡ್ ಒತ್ತುತ್ತಾರೆ, ಸರ್ವರ್ ಕೂತುಬಿಡುತ್ತದೆ. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಕೌಂಟರ್ ಹಾಗೆ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಒಂದು ಪಟ್ಟಿ ಬೇಕು. ಒಂದು ಸ್ಪ್ರೆಡ್‌ಶೀಟ್ ತೆರೆದು ಪ್ರತಿ ಬರಹಕ್ಕೆ ಒಂದು ಸಾಲು: ಶೀರ್ಷಿಕೆ, ಪ್ರಕಟವಾದ ದಿನಾಂಕ, ಯಾವ ವೇದಿಕೆ, ಕೊಂಡಿ, ಧಾರಾವಾಹಿಯಾದರೆ ಎಷ್ಟನೆಯ ಕಂತು, ಪದಗಳ ಸಂಖ್ಯೆ, ಕಡತ ಕೈಗೆ ಬಂತೇ ಇಲ್ಲವೇ. ಪಟ್ಟಿಯಿಲ್ಲದೆ ಶುರು ಮಾಡಿದವರು ನೂರು ಕಂತಿನಲ್ಲಿ 37ನೆಯದನ್ನು ಬಿಟ್ಟಿರುತ್ತಾರೆ, ವೇದಿಕೆ ಮುಚ್ಚಿದ ಮೇಲೆ ಅದು ಗೊತ್ತಾಗುತ್ತದೆ. ಕರಡು ವಿಭಾಗದಲ್ಲಿ ಉಳಿದ ಬರಹಗಳನ್ನೂ ಪಟ್ಟಿಗೆ ಸೇರಿಸಿ. ಪ್ರಕಟವಾದದ್ದು ಓದುಗರ ಹತ್ತಿರವಾದರೂ ಎಲ್ಲೋ ಒಂದು ಸ್ಕ್ರೀನ್‌ಶಾಟ್ ಆಗಿ ಇರಬಹುದು. ಕರಡು ಇರುವುದು ಆ ಒಂದೇ ಜಾಗದಲ್ಲಿ.

ಬ್ಲಾಗರ್‌ನಲ್ಲಿ ಬರೆಯುವವರು ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ ತೆಗೆಯುವ ಆಯ್ಕೆ ಒತ್ತಿದರೆ ಅಥವಾ ನಮ್ಮ ಮಾಹಿತಿಯ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಕೇಳಿದರೆ ಬರಹ, ಪ್ರತಿಕ್ರಿಯೆಗಳು ಕಡತವಾಗಿ ಸಿಗುತ್ತವೆ. ಟೇಕ್‌ಔಟ್ ಕೊಟ್ಟ ಕೊಂಡಿ ಸುಮಾರು ಒಂದು ವಾರ ಮಾತ್ರ ಬಾಳುತ್ತದೆ. ಇಮೇಲ್ ಬಂದ ದಿನವೇ ಇಳಿಸಿಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್, ಅದರೊಳಗೆ ಎಕ್ಸ್‌ಪೋರ್ಟ್, ಅದರಲ್ಲಿ "ಎಲ್ಲವೂ" ಆಯ್ಕೆ. ಇಲ್ಲಿ ಬಹಳ ಜನ ಎಡವುವುದು ಚಿತ್ರಗಳಲ್ಲಿ. ಎಕ್ಸ್‌ಪೋರ್ಟ್ ಕೊಡುವ ಎಕ್ಸ್‌ಎಂಎಲ್ ಕಡತದೊಳಗೆ ಚಿತ್ರ ಇರುವುದಿಲ್ಲ, ಚಿತ್ರದ ವಿಳಾಸ ಮಾತ್ರ ಇರುತ್ತದೆ. ವೇದಿಕೆ ಹೋದ ದಿನ ಆ ವಿಳಾಸವೂ ಹೋಗುತ್ತದೆ. ಮೀಡಿಯಾ ಸಂಗ್ರಹವನ್ನು ಬೇರೆಯಾಗಿಯೇ ಇಳಿಸಬೇಕು.

ಫೇಸ್‌ಬುಕ್ಕಿನಲ್ಲೇ ಬರೆದವರು ನಿಮ್ಮ ಮಾಹಿತಿಯ ಪ್ರತಿ ಕೇಳುವಾಗ ಎರಡು ರೂಪದ ಆಯ್ಕೆ ಬರುತ್ತದೆ: ಎಚ್‌ಟಿಎಂಎಲ್ ಮತ್ತು ಜೇಸನ್. ಕನ್ನಡದವರು ಎಚ್‌ಟಿಎಂಎಲ್ ಆರಿಸಿ. ಜೇಸನ್ ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ ಮೂರು ತುಂಡಾಗಿ, ಮೂರು ಬೇರೆ ಬೇರೆ ಲ್ಯಾಟಿನ್ ಗುರುತುಗಳ ಹಾಗೆ ಬರುವ ದೋಷ ಬಹಳ ಕಾಲದಿಂದ ಇದೆ. ತಿಳಿದವರು ಸರಿಪಡಿಸಬಹುದು, ಆದರೆ ತಪ್ಪಿಸಿಕೊಳ್ಳುವ ದಾರಿ ಇರುವಾಗ ಅದೇಕೆ?

ಕಥೆಗಳ ಆ್ಯಪ್‌ಗಳದ್ದೇ ಕಷ್ಟ. ಅಲ್ಲಿ ಸಾಮಾನ್ಯವಾಗಿ ಒಟ್ಟಿಗೆ ಇಳಿಸುವ ಸೌಲಭ್ಯ ಬರಹಗಾರರಿಗೆ ಇರುವುದಿಲ್ಲ. ಕೈಯಲ್ಲೇ ಮಾಡಬೇಕು: ಕಂಪ್ಯೂಟರಿನ ಬ್ರೌಸರಿನಲ್ಲಿ ಲಾಗಿನ್ ಆಗಿ, ಓದುವ ಪುಟದಿಂದಲ್ಲ, ತಿದ್ದುವ ಪುಟದಿಂದ ನಕಲು ಮಾಡಿಕೊಳ್ಳಿ. ಓದುವ ಪುಟದಲ್ಲಿ ನಕಲು ತಡೆದಿರುತ್ತಾರೆ, ಅಥವಾ ನಡುವೆ ಜಾಹೀರಾತಿನ ಸಾಲು ಸೇರಿಕೊಳ್ಳುತ್ತದೆ. ಕಂತಿಗೆ ಐದು ನಿಮಿಷ ಹಿಡಿಯಿತು ಅಂದುಕೊಂಡರೂ ನೂರು ಕಂತಿಗೆ ಎಂಟು ಗಂಟೆಯ ಮೇಲಾಯಿತು. ದಿನಕ್ಕೆ ಹತ್ತು ಕಂತು, ಹತ್ತು ದಿನ. ಇದು ಆಗುವ ಕೆಲಸ. ಮುಂದೆ ಬರೆಯುವುದನ್ನಾದರೂ ಆ್ಯಪ್‌ನ ಪೆಟ್ಟಿಗೆಯಲ್ಲಿ ನೇರವಾಗಿ ಟೈಪ್ ಮಾಡಬೇಡಿ. ನಿಮ್ಮ ಕಡತದಲ್ಲಿ ಬರೆಯಿರಿ, ಅಲ್ಲಿಂದ ಆ್ಯಪ್‌ಗೆ ಅಂಟಿಸಿ. ಪ್ರಕಟಿಸಿದ ಮೇಲೆ ಆ್ಯಪ್‌ನಲ್ಲಿ ಒಂದು ಕಾಗುಣಿತ ತಿದ್ದಿದರೂ ಕಡತದಲ್ಲೂ ತಿದ್ದಿ. ಈ ಒಂದು ಅಭ್ಯಾಸದಿಂದ ಮೂಲಪ್ರತಿ ನಿಮ್ಮದಾಗುತ್ತದೆ, ವೇದಿಕೆಯಲ್ಲಿ ಇರುವುದು ನಕಲಾಗುತ್ತದೆ. ಈಗ ಬಹಳ ಜನರಲ್ಲಿ ಇದು ತಿರುವುಮುರುವಾಗಿದೆ.

ಈಗ ಕನ್ನಡಕ್ಕೇ ಸೇರಿದ ತೊಂದರೆಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇಂಗ್ಲಿಷಿನವರು ಬರೆದ ಯಾವ ಕೈಪಿಡಿಯಲ್ಲೂ ಇವು ಇರುವುದಿಲ್ಲ.

ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ವ್ಯವಸ್ಥೆ ಯೂನಿಕೋಡ್, ಆ ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಸಾಮಾನ್ಯ ರೂಪ ಯುಟಿಎಫ್-8. ಅದರಲ್ಲಿ ಕನ್ನಡದ ಒಂದು ಸಂಕೇತ ಮೂರು ಬೈಟ್ ಹಿಡಿಯುತ್ತದೆ. "ಕ" ಅಂದರೆ ಮೂರು. "ಕ್ಷ" ಅಂದರೆ ಕ, ಅರ್ಧಾಕ್ಷರ ಮಾಡುವ ಚಿಹ್ನೆ, ಷ, ಒಟ್ಟು ಒಂಬತ್ತು. ಇಳಿಸಿದ ಕಡತವನ್ನು ಎಕ್ಸೆಲ್ ಅಥವಾ ಹಳೆಯ ಎಡಿಟರಿನಲ್ಲಿ ತೆರೆದಾಗ, ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ "ಎ", ಪಕ್ಕದಲ್ಲಿ ಪುಟ್ಟ 2 ಅಥವಾ 3, ಹೀಗೆ ಸಾಲುಸಾಲು ಕಂಡರೆ ಬರಹ ಹಾಳಾಗಿಲ್ಲ. ತೆರೆದ ತಂತ್ರಾಂಶ ಅದನ್ನು ಯುಟಿಎಫ್-8 ಎಂದು ಗುರುತಿಸಿಲ್ಲ, ಅಷ್ಟೆ. ಮಾಡಬಾರದ ಒಂದೇ ಕೆಲಸ ಎಂದರೆ ಹಾಗೆಯೇ "ಸೇವ್" ಒತ್ತುವುದು. ಒತ್ತಿದರೆ ತಪ್ಪು ಓದು ಗಟ್ಟಿಯಾಗಿ ಕೂರುತ್ತದೆ. ಮುಚ್ಚಿ, ಮತ್ತೆ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ. ಅಕ್ಷರಗಳ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಆ ಪ್ರತಿ ಹೋಯಿತೆಂದೇ ಲೆಕ್ಕ. ಪ್ರಶ್ನಾರ್ಥಕದಿಂದ ಕನ್ನಡವನ್ನು ವಾಪಸ್ ತರಲಾಗದು. ಮೂಲದಿಂದ ಇನ್ನೊಮ್ಮೆ ಇಳಿಸಿ.

ಎರಡನೆಯದು ಕಣ್ಣಿಗೆ ಕಾಣದ ಸಂಕೇತಗಳು. "ರ‍್ಯಾಂಕ್" ಎಂದು ಬರೆಯಲು ರಕಾರದ ನಂತರ ಕಾಣದ ಒಂದು ಜೋಡಣೆ ಸಂಕೇತ ಬೇಕು. ಕೆಲವು ವೇದಿಕೆಗಳು ಬರಹವನ್ನು "ಶುಚಿ" ಮಾಡುವಾಗ ಅದನ್ನು ತೆಗೆದುಹಾಕುತ್ತವೆ. ಆಗ ಅದು "ರ್ಯಾಂಕ್" ಆಗಿ, ರಕಾರ ಅರ್ಕಾವೊತ್ತಾಗಿ ಕೂರುತ್ತದೆ. ಹಾಗೆಯೇ "ಸಾಫ್ಟ್‌ವೇರ್" ಎಂಬುದು "ಸಾಫ್ಟ್ವೇರ್" ಆಗಿ ಒತ್ತಕ್ಷರಗಳ ಗೋಪುರವಾಗುತ್ತದೆ. ಇಳಿಸಿದ ಕಡತದಲ್ಲಿ ಇಂಥ ನಾಲ್ಕೈದು ಪದ ಹುಡುಕಿ ನೋಡಿ. ಅವು ಸರಿಯಿದ್ದರೆ ಉಳಿದವೂ ಬಹುಮಟ್ಟಿಗೆ ಸರಿಯಿರುತ್ತವೆ.

ಮೂರನೆಯದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಟೈಪ್ ಮಾಡುವವರು ಬಹಳ ಜನ ಇದ್ದಾರೆ. ಮಂಡ್ಯ, ಮ೦ಡ್ಯ: ಮೊದಲನೆಯದು ಸರಿ, ಎರಡನೆಯದರಲ್ಲಿ ಇರುವುದು ಅಂಕಿ. ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ ಪದ. ಹಾಗೆಯೇ "ಕೊ" ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಇಂಥ ಸ್ವರಚಿಹ್ನೆಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವ ಉಚಿತ ಸಾಧನಗಳಿವೆ, ಸೊನ್ನೆಯನ್ನು ಮಾತ್ರ ಅದು ತಿದ್ದುವುದಿಲ್ಲ. ಇಡೀ ಸಂಗ್ರಹದ ಮೇಲೆ ಒಮ್ಮೆ ಓಡಿಸಿದರೆ ಸಾಕು.

ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಇಟ್ಟುಕೊಂಡಿರುವ ಹಿರಿಯರು ಇಲ್ಲಿ ಅನೇಕರಿದ್ದಾರೆ. ಪತ್ರಿಕೆಗೆ, ಪ್ರಕಾಶಕರಿಗೆ ಕೊಟ್ಟ ಕಡತಗಳು ಹೆಚ್ಚಾಗಿ ಆ ರೂಪದವೇ. ಅವುಗಳ ಒಳಗಿರುವುದು ಇಂಗ್ಲಿಷ್ ಗುರುತುಗಳು. ಫಾಂಟಿನ ಮುಖವಾಡ ಹಾಕಿದಾಗ ಮಾತ್ರ ಕನ್ನಡ ಕಾಣುತ್ತದೆ. ಫಾಂಟ್ ಹೋದ ದಿನ ಓದಲು ಬರುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಲು ಸಾಧನಗಳಿವೆ, ಆದರೆ ಪರಿವರ್ತಿಸಿದ್ದನ್ನು ಓದದೆ ನಂಬಬೇಡಿ. ಹಳೆಯ ರೂಪದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ, ಮೊದಲೇ ಬರುತ್ತದೆ. ಈ ಅದಲುಬದಲಿನಲ್ಲಿ ತಪ್ಪು ನುಸುಳುತ್ತದೆ. ಬರಹದ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅರ್ಥ, ಕೃಷ್ಣ, ಸ್ತ್ರೀ, ರಾಷ್ಟ್ರ, ಜ್ಞಾನ, ವೈದ್ಯ, ಕೋಟೆ, ಈ ಏಳು ಪದ ಸರಿಯಾಗಿ ಬಂದಿವೆಯೇ ನೋಡಿ. ಮೂಲ ಕಡತವನ್ನು ಅಳಿಸಬೇಡಿ, ಜೊತೆಗೆ ಆ ಫಾಂಟನ್ನೂ ಇಟ್ಟಿರಿ.

"ನನ್ನ ಹತ್ತಿರ ಪಿಡಿಎಫ್ ಇದೆ, ಸಾಕಲ್ಲವಾ?" ಎಂದು ಕೇಳುವವರಿಗೆ ಉತ್ತರ: ಓದಲು ಸಾಕು, ಉಳಿಸಲು ಸಾಲದು. ಕನ್ನಡ ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ. ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ, ಸ್ವರಚಿಹ್ನೆ ಮುಂದೆ ಹಿಂದೆ ಆಗಿ ಬರುವುದೇ ಹೆಚ್ಚು. ಪಿಡಿಎಫ್ ಪುಟದ ಚೆಹರೆಯನ್ನು ಕಾಯುತ್ತದೆ, ಪಠ್ಯವನ್ನು ಕಾಯುವುದಿಲ್ಲ. ಒಂದು ಬರಹಕ್ಕೆ ಎರಡು ರೂಪ ಇಡಿ: ಬರೀ ಪಠ್ಯದ ಯುಟಿಎಫ್-8 ಕಡತ ಒಂದು, ವಿನ್ಯಾಸ ಸಮೇತ ವರ್ಡ್ ಅಥವಾ ಲಿಬ್ರೆಆಫೀಸ್ ಕಡತ ಒಂದು. ಲಿಬ್ರೆಆಫೀಸ್‌ನಿಂದ ನೇರವಾಗಿ ಇ-ಪುಸ್ತಕದ ರೂಪವಾದ ಇ-ಪಬ್ ತೆಗೆಯಲೂ ಬರುತ್ತದೆ.

ಕಡತದ ಹೆಸರನ್ನು ಕನ್ನಡದಲ್ಲಿ ಇಡಬೇಕೆಂಬ ಆಸೆ ಸಹಜ, ಆದರೆ ಇಲ್ಲಿ ಅದನ್ನು ಬಿಡಿ. ಜಿಪ್ ಮಾಡಿ ಬಿಚ್ಚುವಾಗ ಹೆಸರು ಕೆಡುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್. ಸಂಕೇತಕ್ಕೆ ಮೂರರಂತೆ ಕನ್ನಡಕ್ಕೆ ಉಳಿಯುವುದು 85. ವರ್ಷ, ತಿಂಗಳು, ದಿನ, ಕಂತಿನ ಸಂಖ್ಯೆ, ಹೀಗೆ ಅಂಕಿಗಳಲ್ಲೇ ಹೆಸರಿಡಿ: 2019-08-14-037. ಆಗ ಕಡತಗಳು ತಾವೇ ಕ್ರಮದಲ್ಲಿ ನಿಲ್ಲುತ್ತವೆ. ಕಂತಿಗೆ 37 ಎನ್ನದೆ 037 ಎನ್ನಿ, ಇಲ್ಲದಿದ್ದರೆ ಒಂದೇ ದಿನ ಪ್ರಕಟವಾದ ಕಂತುಗಳಲ್ಲಿ 100ನೆಯದು 99ಕ್ಕಿಂತ ಮೊದಲು ಬಂದು ಕೂರಬಹುದು. ಬ್ಲಾಗರ್ ಕನ್ನಡ ಶೀರ್ಷಿಕೆಯಿಂದ ಕೊಂಡಿ ಮಾಡಲಾರದೆ "ಬ್ಲಾಗ್-ಪೋಸ್ಟ್" ಎಂಬ ಹೆಸರಿಗೆ ಒಂದು ಅಂಕಿ ಸೇರಿಸಿ ಕೊಡುತ್ತದೆ; ವರ್ಡ್‌ಪ್ರೆಸ್ ಉದ್ದ ಶೀರ್ಷಿಕೆಯನ್ನು ನಡುವೆ ಕತ್ತರಿಸುತ್ತದೆ. ಮುಂದೊಂದು ದಿನ ಕೊಂಡಿ ನೋಡಿ ಇದು ಯಾವ ಬರಹ ಎಂದು ಹೇಳಲಾಗದು. ಅದಕ್ಕೇ ಆರಂಭದಲ್ಲಿ ಪಟ್ಟಿ ಬೇಕೆಂದದ್ದು.

ಕಡತದ ಕೊನೆಯಲ್ಲಿ ಪುಷ್ಪಿಕೆ ಬರೆಯಿರಿ. ಐದಾರು ಸಾಲು ಸಾಕು: ಬರಹದ ಹೆಸರು, ಬರೆದವರ ಹೆಸರು ಅಥವಾ ಕಾವ್ಯನಾಮ, ಮೊದಲು ಎಲ್ಲಿ ಯಾವತ್ತು ಪ್ರಕಟವಾಯಿತು, ಯಾವಾಗ ತಿದ್ದಿದ್ದು, ಹಕ್ಕು ಯಾರದು, ಮರುಪ್ರಕಟಣೆಗೆ ಯಾರನ್ನು ಕೇಳಬೇಕು. ಕಾವ್ಯನಾಮದಲ್ಲಿ ಬರೆಯುವವರು, ಮುಖ್ಯವಾಗಿ ಮನೆಯವರಿಗೆ ತಿಳಿಸದೆ ಬರೆಯುವ ಹೆಣ್ಣುಮಕ್ಕಳು, ಒಂದು ಎಚ್ಚರ ಇಟ್ಟುಕೊಳ್ಳಬೇಕು: ವರ್ಡ್ ಕಡತದ ಗುಣಲಕ್ಷಣಗಳಲ್ಲಿ ಕಂಪ್ಯೂಟರಿನ ಮಾಲೀಕರ ನಿಜ ಹೆಸರು ತಾನಾಗಿ ಸೇರಿಕೊಂಡಿರುತ್ತದೆ. ಯಾರಿಗಾದರೂ ಕಳಿಸುವ ಮೊದಲು ಅದನ್ನು ಅಳಿಸಿ.

ಇಷ್ಟೆಲ್ಲ ಇಡಲು ಜಾಗ ಎಷ್ಟು ಬೇಕು? ಐವತ್ತು ಸಾವಿರ ಪದದ ಕಾದಂಬರಿ ಬರೀ ಪಠ್ಯವಾದರೆ ಒಂದೂವರೆ ಎಂಬಿ ಆಸುಪಾಸು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದು. ಜಾಗದ ನೆಪ ಹೇಳುವಂತಿಲ್ಲ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಪ್ರತಿ ಮನೆಯಿಂದ ಹೊರಗೆ ಇರಲಿ. ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲೋ ಬೇರೆ ಊರಿನ ನಂಟರ ಮನೆಯಲ್ಲೋ ಒಂದು. ಪೆನ್ ಡ್ರೈವ್ ಸಾಗಿಸಲು ಒಳ್ಳೆಯದು, ವರ್ಷಗಟ್ಟಲೆ ಡ್ರಾಯರಿನಲ್ಲಿ ಇಡಲು ಅಲ್ಲ. ಒಳಗಿನ ವಿದ್ಯುತ್ ಅಂಶ ನಿಧಾನವಾಗಿ ಸೋರಿ ಮಾಹಿತಿ ಕೆಡುತ್ತದೆ. ವರ್ಷಕ್ಕೊಮ್ಮೆ, ಯುಗಾದಿಗೋ ಆಯುಧಪೂಜೆಗೋ, ಮೂರೂ ಪ್ರತಿ ತೆರೆದು ಕಡತಗಳ ಸಂಖ್ಯೆ ಪಟ್ಟಿಗೆ ತಾಳೆಯಾಗುತ್ತದೆಯೇ ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ಲೆಕ್ಕ ಹಾಕಬಾರದು.

ಕಾಗದವೂ ಬೇಕು, ಕಾಗದವೊಂದೇ ಸಾಲದು. 2021ರ ಏಪ್ರಿಲ್‌ನಲ್ಲಿ ನಮ್ಮ ರಾಜೀವನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಸುಮಾರು 11 ಸಾವಿರ ಪುಸ್ತಕ ಬೆಂಕಿಗೆ ಹೋದದ್ದು ಊರಿಗೇ ಗೊತ್ತು. ಡಿಜಿಟಲ್ ಭಂಡಾರಗಳೂ ಅಷ್ಟೆ. ಬ್ರಿಟಿಷ್ ಲೈಬ್ರರಿ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ತಿಂಗಳುಗಟ್ಟಲೆ ನರಳಿತು. 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ದಾಳಿಯಾಗಿ ದಿನಗಳ ಕಾಲ ತೆರೆಯಲಿಲ್ಲ.

ಇಂಟರ್ನೆಟ್ ಆರ್ಕೈವ್ ಅಂದರೆ 1996ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಅದರ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟಗಳು ಸಿಗುತ್ತವೆ. ನಿಮ್ಮ ಬರಹದ ಕೊಂಡಿಯನ್ನು ಅಲ್ಲಿನ ಪುಟ ಉಳಿಸುವ ಪೆಟ್ಟಿಗೆಯಲ್ಲಿ ಹಾಕಿದರೆ ಆ ದಿನದ ರೂಪ ದಿನಾಂಕ ಸಮೇತ ದಾಖಲಾಗುತ್ತದೆ. ಕೃತಿಚೌರ್ಯದ ತಕರಾರು ಬಂದಾಗ "ಈ ದಿನ ಇದು ನನ್ನ ಹೆಸರಿನಲ್ಲಿ ಇತ್ತು" ಎಂದು ತೋರಿಸಲು ಅದು ನೆರವಾಗುತ್ತದೆ. ಆದರೆ ಲಾಗಿನ್ ಆದರೆ ಮಾತ್ರ ಕಾಣುವ ಪುಟ, ಆ್ಯಪ್‌ನೊಳಗೆ ಮಾತ್ರ ತೆರೆಯುವ ಕಂತು, "ಇನ್ನಷ್ಟು ಓದಿ" ಒತ್ತಿದ ಮೇಲೆ ಬರುವ ಭಾಗ ಅದಕ್ಕೆ ಸಿಗುವುದಿಲ್ಲ. ಉಳಿಸಿದ ಮೇಲೆ ಅಲ್ಲೇ ತೆರೆದು ಕೊನೆಯ ಸಾಲಿನವರೆಗೆ ಇದೆಯೇ ನೋಡಿಕೊಳ್ಳಿ.

ಸರ್ಕಾರದ ಕಡೆಯಿಂದ ಆನ್‌ಲೈನ್ ಬರಹಕ್ಕೆ ರಕ್ಷಣೆ ಕಡಿಮೆ. ಅಚ್ಚಾದ ಪುಸ್ತಕದ ಪ್ರತಿಯನ್ನು ಪ್ರಕಾಶಕರು 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಸಾರ್ವಜನಿಕ ಗ್ರಂಥಾಲಯಗಳಿಗೂ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ಬರೆದಾಗ ಕಣ್ಣಮುಂದೆ ಇದ್ದದ್ದು ಅಚ್ಚಿನ ಪುಸ್ತಕ. ಆ್ಯಪ್‌ನಲ್ಲಿ ಮಾತ್ರ ಬಂದ ಕನ್ನಡ ಕಾದಂಬರಿ ನಾಡಿನ ಯಾವ ಭಂಡಾರಕ್ಕೂ ತಾನಾಗಿ ಸೇರುವುದಿಲ್ಲ. ಇದು ಸರಿಹೋಗಬೇಕಾದ ಕೊರತೆ. ಅಲ್ಲಿಯವರೆಗೆ, ಮುಖ್ಯವೆನಿಸಿದ ಕೃತಿಯನ್ನು ಡಿಜಿಟಲ್ ಮುದ್ರಣದಲ್ಲಿ ಮೂವತ್ತು, ಐವತ್ತು ಪ್ರತಿಯಾದರೂ ಮಾಡಿಸಿ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ಅಚ್ಚಿನ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಬೇರೆ ಒಂದು ಬೇಕು. ಸ್ವಂತವಾಗಿ ಪ್ರಕಟಿಸಿದರೆ ಪ್ರಕಾಶಕರು ನೀವೇ, ಪ್ರತಿ ಕಳಿಸುವ ಹೊಣೆಯೂ ನಿಮ್ಮದೇ.

ಆದರೆ ಹಾಗೆ ಬೇರೆಡೆ ಪ್ರಕಟಿಸಲು ನಿಮಗೆ ಹಕ್ಕಿದೆಯೇ ಎಂದು ಮೊದಲು ನೋಡಬೇಕು. ಒಪ್ಪಂದ ಅಥವಾ ಬಳಕೆಯ ನಿಯಮಗಳ ಪುಟ ತೆರೆದು ನಾಲ್ಕು ಪದ ಹುಡುಕಿ: ಎಕ್ಸ್‌ಕ್ಲೂಸಿವ್, ಪರ್ಪೆಚುಯಲ್, ಸಕ್ಸೆಸರ್, ಟರ್ಮಿನೇಷನ್. ಮೊದಲನೆಯದು ಇದ್ದರೆ ಬೇರೆಡೆ ಹಾಕುವ ಮುನ್ನ ಅನುಮತಿ ಬೇಕಾಗಬಹುದು. ಎರಡನೆಯದು ಇದ್ದರೆ ಕೊಟ್ಟ ಹಕ್ಕಿಗೆ ಕೊನೆಯ ದಿನವಿಲ್ಲ. ಮೂರನೆಯದು, ಕಂಪನಿಯನ್ನು ಕೊಂಡವರಿಗೂ ನಿಮ್ಮ ಬರಹದ ಹಕ್ಕು ದಾಟುತ್ತದೆಯೇ ಎಂಬುದು. ನಾಲ್ಕನೆಯದು, ನೀವು ಹೊರಬಂದರೆ ಹಕ್ಕು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮು ಬರಹಗಾರರ ಪರವಾಗಿ ಕೆಲವು ಮಾತು ಹೇಳುತ್ತದೆ: ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು, ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಎಂದು ಲೆಕ್ಕ, ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದ ಬೇರೆ ಹೇಳದ ಹೊರತು, ಆ ಹಕ್ಕು ಬಿದ್ದುಹೋಗುತ್ತದೆ. ಆಡಿಯೊ ಹಕ್ಕು, ಚಿತ್ರದ ಹಕ್ಕು ಬರೆದುಕೊಟ್ಟು ಸುಮ್ಮನೆ ಕೂತವರು ಈ ಸಾಲನ್ನು ವಕೀಲರಿಗೆ ತೋರಿಸಬೇಕು. ನೀವು ಒಪ್ಪಿದ ದಿನದ ನಿಯಮಗಳ ಪುಟವನ್ನೂ ಉಳಿಸಿಡಿ, ಅದು ಬದಲಾಗುತ್ತಲೇ ಇರುತ್ತದೆ.

ಬಾಕಿ ಹಣದ ವಿಚಾರ: ಪ್ರತಿ ತಿಂಗಳ ಗಳಿಕೆಯ ವಿವರವನ್ನು ಡ್ಯಾಶ್‌ಬೋರ್ಡಿನಿಂದ ಇಳಿಸಿ, ಬ್ಯಾಂಕಿಗೆ ಬಂದ ಮೊತ್ತದ ಪಕ್ಕದಲ್ಲಿ ಬರೆದಿಡಿ. ವೇದಿಕೆ ಹೋದಾಗ ಡ್ಯಾಶ್‌ಬೋರ್ಡೂ ಹೋಗುತ್ತದೆ, ಆಮೇಲೆ ಬಾಕಿ ಎಷ್ಟು ಎಂದು ಹೇಳಲು ಕಾಗದವಿರುವುದಿಲ್ಲ. ಕಂಪನಿ 2016ರ ದಿವಾಳಿ ಸಂಹಿತೆಯಡಿ ಹೋದರೆ ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಅದರಲ್ಲಿ ಕ್ಲೇಮು ಸಲ್ಲಿಸುವ ಗಡುವು ಇರುತ್ತದೆ. ಮೊತ್ತ ಚಿಕ್ಕದೆಂದು ಬಿಡಬೇಡಿ. ಇಪ್ಪತ್ತು ಜನ ಬರಹಗಾರರು ತಮ್ಮ ಲೆಕ್ಕ ಇಟ್ಟುಕೊಂಡು ಹೋದರೆ ಅದಕ್ಕೊಂದು ತೂಕ ಬರುತ್ತದೆ.

ಬರಹ ಸಿಕ್ಕಿತು, ಹಕ್ಕು ತಿಳಿಯಿತು. ಓದುಗರು? ಹತ್ತು ಸಾವಿರ ಫಾಲೋವರ್ಸ್ ಇದ್ದಾರೆ ಅನ್ನುವ ಆ ಸಂಖ್ಯೆ ವೇದಿಕೆಯದ್ದು, ಅವರ ವಿಳಾಸ ನಿಮಗೆ ಸಿಗುವುದಿಲ್ಲ. ವೇದಿಕೆ ಬದುಕಿರುವಾಗಲೇ ಕಂತಿನ ಕೊನೆಯಲ್ಲಿ, ನಿಯಮ ಅನುಮತಿಸಿದರೆ, ನೀವು ಬೇರೆಲ್ಲಿ ಸಿಗುತ್ತೀರಿ ಎಂದು ಒಂದು ಸಾಲು ಬರೆಯಿರಿ. ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಸದಸ್ಯರ ನಂಬರುಗಳು ಎಲ್ಲರಿಗೂ ಕಾಣುತ್ತವೆ, 1024 ಜನರ ಮಿತಿಯೂ ಇದೆ. ಓದುಗರಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರುವ ಧಾರಾವಾಹಿಗಳಿಗೆ ಚಾನೆಲ್ ಒಳ್ಳೆಯದು. ಅಲ್ಲಿ ಹಿಂಬಾಲಿಸುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಚಾನೆಲ್ಲೂ ಇನ್ನೊಬ್ಬರ ಮನೆಯೇ, ಹಾಗಾಗಿ ಅದೊಂದನ್ನೇ ನೆಚ್ಚಬೇಡಿ.

ಸ್ವಂತ ಡೊಮೈನ್, ಅಂದರೆ ನಿಮ್ಮದೇ ಜಾಲತಾಣದ ಹೆಸರು, ಕೊಂಡರೆ ವೇದಿಕೆ ಬದಲಾದರೂ ವಿಳಾಸ ಬದಲಾಗುವುದಿಲ್ಲ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಖರ್ಚು. ಇದರಲ್ಲಿ ಕೆಡುವುದು ನವೀಕರಣ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ರಿಸರ್ವ್ ಬ್ಯಾಂಕಿನ ಹೊಸ ನಿಯಮದಂತೆ ಮೊದಲೇ ನೋಂದಣಿ ಬೇಕು. ಆ ನೋಂದಣಿ ಇಲ್ಲದೆ "ಆಟೊ ರಿನ್ಯೂ ಹಾಕಿದ್ದೀನಲ್ಲ" ಎಂದು ನಿಶ್ಚಿಂತೆಯಿಂದ ಕೂತರೆ ಹಣ ಕಡಿತವಾಗದೆ ಡೊಮೈನ್ ಕೈತಪ್ಪುತ್ತದೆ. ಡಾಟ್ ಕಾಮ್ ಹೆಸರುಗಳಲ್ಲಿ, ಅವಧಿ ಮುಗಿದು ಹೆಸರು ಮಾರಿದ ಕಂಪನಿ (ರಿಜಿಸ್ಟ್ರಾರ್) ಅಳಿಸಿದ ಮೇಲೂ 30 ದಿನ ಹೆಚ್ಚು ಹಣ ಕೊಟ್ಟು ಬಿಡಿಸಿಕೊಳ್ಳಬಹುದು. ಅದಾದ ಐದು ದಿನಕ್ಕೆ ಅದು ಯಾರು ಬೇಕಾದರೂ ಕೊಳ್ಳುವ ಸರಕು. ಮೂರು, ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕೊನೆಯದಾಗಿ ಖಾತೆಗಳು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಬರಹಗಾರರು ತೀರಿಕೊಂಡ ಮೇಲೆ ಅವರ ಇಮೇಲ್ ತೆರೆಯುವವರಿಲ್ಲದೆ, ಅದಕ್ಕೆ ಜೋಡಿಸಿದ ಎಲ್ಲವೂ ಒಂದೊಂದಾಗಿ ಕೈತಪ್ಪುತ್ತವೆ. ಕೃತಿಸ್ವಾಮ್ಯ ಮಾತ್ರ ಬರಹಗಾರರ ನಂತರವೂ 60 ವರ್ಷ ಮನೆಯವರ ಹತ್ತಿರ ಇರುತ್ತದೆ. ಹಕ್ಕಿದೆ, ಆದರೆ ಬರಹ ಕೈಗೆ ಸಿಗುವುದಿಲ್ಲ. ಗೂಗಲ್ ಖಾತೆಯಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆ ಎಂದು ಒಂದಿದೆ. ಮೂರರಿಂದ ಹದಿನೆಂಟು ತಿಂಗಳ ನಡುವೆ ಅವಧಿ ಆರಿಸಿ, ಅಷ್ಟು ಕಾಲ ನೀವು ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಕೊಡಬೇಕು ಎಂದು ಈಗಲೇ ಬರೆದಿಡಬಹುದು. ಹತ್ತು ನಿಮಿಷದ ಕೆಲಸ.

ಅದರ ಜೊತೆಗೆ ಒಂದು ಹಾಳೆ. ಯಾವ ಯಾವ ವೇದಿಕೆಯಲ್ಲಿ ಯಾವ ಹೆಸರಿನಿಂದ ಬರೆದಿದ್ದೀರಿ, ಯಾವ ಇಮೇಲ್, ಯಾವ ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ, ಹಾರ್ಡ್ ಡಿಸ್ಕ್ ಎಲ್ಲಿದೆ, ಡೊಮೈನ್ ಯಾವ ತಿಂಗಳು ಮುಗಿಯುತ್ತದೆ. ಕೈಯಲ್ಲೇ, ದಪ್ಪ ಅಕ್ಷರದಲ್ಲಿ ಬರೆದು, ದಿನಾಂಕ ಹಾಕಿ, ಮನೆಯ ಪತ್ರ, ಎಲ್‌ಐಸಿ ಬಾಂಡು ಇಟ್ಟಿರುವ ಬೀರುವಿನ ಅದೇ ಖಾನೆಯಲ್ಲಿ ಇಡಿ.